ಎರಡು ರಾಜಾ ಬಿಟ್ಟವಳು

ಅದೃಷ್ಟ ಅದೃಷ್ಟ ಎನ್ನುತ್ತೀರಲ್ಲ, ಅದರ ಮುಖ ಎಂದಾದರೂ ನೋಡಿದ್ದೀರಾ? ಒಬ್ಬ ನೋಡಿದ. ಅವನ ಕಥೆ ಹೇಳುತ್ತೇನೆ.

ನಮ್ಮ ಕಡೆಯದೇ ಒಂದು ಊರು. ಅಲ್ಲಿ ಪಾತ್ರೆ ಅಂಗಡಿಯ ಒಬ್ಬ ಸಾಹುಕಾರ, ಈರಸಂಗಪ್ಪ. ಕುಡಿಯುವವನಲ್ಲ, ಸೇದುವವನಲ್ಲ. ಆದರೆ ಭಾನುವಾರ ಬಂತೆಂದರೆ ಮೊಬೈಲಿನಲ್ಲಿ ಪೋಕರ್ ಎಂಬ ಇಸ್ಪೀಟಾಟದ ಟೂರ್ನಮೆಂಟ್. ನಗಬೇಡಿ, ನಿಮ್ಮಲ್ಲೂ ಆಡುವವರಿದ್ದೀರಿ. ಅವನಿಗಿದ್ದ ದೋಷ ಒಂದೇ, ತಾಳ್ಮೆ ಇಲ್ಲ. ಕೈಗೆ ಎರಡು ಒಳ್ಳೆಯ ಎಲೆ ಬಂದರೆ ಇದ್ದದ್ದೆಲ್ಲ ಒಡ್ಡಿಬಿಡುತ್ತಿದ್ದ. ಚಹಾ ಕುದಿಯುವ ಮೊದಲೇ ಆಟದಿಂದ ಹೊರಗೆ. ಹೆಂಡತಿ ನೀಲಗಂಗಾ ಕೇಳುತ್ತಿದ್ದಳು, "ಇಷ್ಟ ಲಗೂ ಮುಗೀತೇನ್ರೀ?"

ಒಂದು ಭಾನುವಾರ ದೊಡ್ಡ ಪಂದ್ಯ. ಕೊನೆಗೆ ಉಳಿಯುವ ಹತ್ತು ಮಂದಿಗೆ ಗೋವಾದಲ್ಲಿ ಆಡುವ ಅವಕಾಶ, ಜೊತೆಗೊಬ್ಬರನ್ನೂ ಕರೆದೊಯ್ಯಬಹುದು. ಈರಸಂಗಪ್ಪ ಉಸಿರು ಬಿಗಿಹಿಡಿದು ಆಡುತ್ತಿದ್ದ. ಅಷ್ಟರಲ್ಲಿ ಅಂಗಡಿಯ ಆಳು ಓಡಿಬಂದ. "ಸಾವ್ಕಾರ್ರ, ಗೋದಾಮಿನ್ಯಾಗ ಪೈಪ್ ಒಡದೈತ್ರೀ."

ಏನು ಮಾಡಬೇಕು? ಹೆಂಡತಿಯ ಕೈಗೆ ಮೊಬೈಲು ಕೊಟ್ಟ. "ನನ್ನ ಸರದಿ ಬಂದಾಗ ಈ ಕೆಂಪು ಗುಂಡಿ ಒತ್ತು, ಅಷ್ಟ. ಒತ್ತಲಿಲ್ಲಂದ್ರ ಹೊರಗ ಹಾಕ್ತಾರ. ಬ್ಯಾರೆ ಏನೂ ಮುಟ್ಟಬ್ಯಾಡ."

ಕೆಂಪು ಗುಂಡಿ ಎಂದರೆ 'ಈ ಸುತ್ತು ನನಗೆ ಬೇಡ' ಎಂದು ಎಲೆ ಬಿಟ್ಟುಬಿಡುವುದು. ಆಕೆ ಹಿಟ್ಟಿನ ಕೈ ತೊಳೆದು ಕೂತಳು. ಸರದಿ ಬಂತು, ಒತ್ತಿದಳು. ಬಂತು, ಒತ್ತಿದಳು. ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು, ಒಬ್ಬೊಬ್ಬರಾಗಿ ಮುಳುಗಿದರು. ಈಕೆ ಕೂತೇ ಇದ್ದಳು.

ಈರಸಂಗಪ್ಪ ಸಂಜೆ ಕೆಸರು ಮೆತ್ತಿಕೊಂಡು ಬಂದ. "ಇದರಾಗ ಪಟಾಕಿ ಹಾರಾಕತ್ಯಾವ್ರೀ. ನಾ ಏನೂ ಮುಟ್ಟಿಲ್ಲ," ಎಂದು ಆಕೆ ಹೆದರಿ ಮೊಬೈಲು ಚಾಚಿದಳು. ನೋಡಿದರೆ ಹತ್ತರಲ್ಲಿ ಅವನ ಹೆಸರು. ಓಣಿಗೆಲ್ಲ ಸಾರಿದ, "ನನ್ನ ಅದೃಷ್ಟ ತಿರುಗಿತು." ನೋಡಿ, *ನನ್ನ* ಅದೃಷ್ಟ. ಜೊತೆಗೆ ಬರಲು ಯಾರಿಗೆ ಹೇಳಿದ? ಇಸ್ಪೀಟು ಗೆಳೆಯ ಮಹಾರುದ್ರನಿಗೆ.

ಆ ರಾತ್ರಿ ನೀಲಗಂಗಾ ಊಟಕ್ಕೆ ಬಡಿಸುವಾಗ ಒಂದು ಮಾತು ಕೇಳಿದಳು. "ನಡುವ ಒಮ್ಮೆ ಎರಡು ರಾಜಾ ಬಂದಿದ್ವು. ನೀವು ಹೇಳಿದ್ರೆಂತ ಬಿಟ್ಟೆ. ತಪ್ಪಾತೇನ್ರೀ?"

"ಎರಡು ರಾಜಾ ಬಿಟ್ಟಿ?" ರೊಟ್ಟಿ ಕೈಯಲ್ಲೇ ನಿಂತಿತು. "ಆಮ್ಯಾಲೆ ಏನಾತು?"

"ಇಬ್ಬರು ಎಲ್ಲಾ ಒಡ್ಡಿದ್ರು. ಒಬ್ಬನ ಎಲಿ ಮ್ಯಾಲೆ 'ಎ' ಅಂತಿತ್ತು, ಎರಡೂ ಹಂಗ. ಅಂವಾ ಗೆದ್ದ. ಇನ್ನೊಬ್ಬ ಹೋದ."

'ಎ' ಎಂದರೆ ಎಕ್ಕ, ರಾಜನಿಗಿಂತ ಮೇಲು. ತಾನಿದ್ದಿದ್ದರೆ? ಎರಡು ರಾಜಾ ಕಂಡೊಡನೆ ಎಲ್ಲವನ್ನೂ ಒಡ್ಡುತ್ತಿದ್ದ. ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಈರಸಂಗಪ್ಪ ಬಹಳ ಹೊತ್ತು ಹೆಂಡತಿಯ ಮುಖ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ನೀ ಸಮುದ್ರ ನೋಡಿಯೇನು?"

"ಟಿವಿಯಾಗ ನೋಡೇನಿ."

ಕೈ ತೊಳೆದವನೇ ಗೆಳೆಯನಿಗೆ ಫೋನ್ ಮಾಡಿದ. "ರುದ್ರಾ, ಸಿಟ್ಟಾಗಬ್ಯಾಡ. ಗೆದ್ದಾಕಿ ಮನ್ಯಾಗ ಅದಾಳ. ಆಕಿನ್ನ ಕರ್ಕೊಂಡು ಹೊಂಟೇನಿ."

ಗೋವಾದಲ್ಲಿ ಅವನು ಎಲ್ಲರಿಗಿಂತ ಮೊದಲು ಸೋತ. ಸೋತವನು ನೇರ ದಂಡೆಗೆ ಬಂದ. ಸೀರೆ ಎತ್ತಿಕಟ್ಟಿ ಅಲೆಯಲ್ಲಿ ನಿಂತಿದ್ದ ನೀಲಗಂಗಾ ನಕ್ಕಳು. "ಇಷ್ಟ ಲಗೂ ಬಂದ್ರಿ, ಚೊಲೊ ಆತು. ಬರ್ರಿ." ಪ್ಯಾಂಟು ಮಡಚಿ ಅವನೂ ಇಳಿದ.

ಇಸ್ಪೀಟು ಆಡಿ ಎಂದು ನಾನು ಹೇಳುತ್ತಿಲ್ಲ, ಆಡುವವರು ಬಿಟ್ಟುಬಿಡಿ. ನಾನು ಕೇಳುವುದು ಬೇರೆ. ನಿಮ್ಮ ವ್ಯಾಪಾರ ಕೈಹಿಡಿಯಿತು, ಅದೃಷ್ಟ ಎಂದಿರಿ. ನೀವು ಊರೂರು ತಿರುಗುವಾಗ ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತವರು ಯಾರು? ನಿಮಗೆ ನೌಕರಿ ಸಿಕ್ಕಿತು, ಹಣೆಬರಹ ಎಂದಿರಿ. ತನ್ನ ಓದು ಬಿಟ್ಟು ನಿಮ್ಮನ್ನು ಓದಿಸಿದ ಅಣ್ಣ ಯಾರು? ನಿಮ್ಮ ಜಾಗದಲ್ಲಿ ಕೂತು ಕಾಯ್ದವರು ಯಾರು? ಅವರ ಹೆಸರು ಹಿಡಿದು ಎಂದಾದರೂ ಹೇಳಿದ್ದೀರಾ?

ಇವತ್ತು ಮನೆಗೆ ಹೋದವರೇ ಊಟಕ್ಕೇನಿದೆ ಎಂದು ಕೇಳಬೇಡಿ. ಅವರ ಪಕ್ಕ ಕೂತು, "ಇದೆಲ್ಲ ನಿನ್ನಿಂದ ಆಯಿತು" ಎನ್ನಿ. ಅಣ್ಣ ದೂರವಿದ್ದರೆ ಫೋನ್ ಮಾಡಿ. ಇವತ್ತೊಂದೇ ದಿನವಲ್ಲ, ಒಳ್ಳೆಯದಾದಾಗಲೆಲ್ಲ ಹೇಳಿ. ಇವರಿಗೇನಾಯಿತು ಎಂದು ಅವರು ನಿಮ್ಮ ಹಣೆ ಮುಟ್ಟಿ ನೋಡಬಹುದು. ನೋಡಲಿ. ಇನ್ನೊಮ್ಮೆ ಹೇಳಿ.