ಬೀಗರ ಎಲೆಗೆ ಹುರುಳಿ ಸಾರು

ಅಲ್ವೇ, ಮದ್ವೆಗೆ ಇನ್ನೂರು ಊಟ ಸಾಕು ಅಂತ ಆ ಅಡಿಗೆಯವನಿಗೆ ಫೋನಲ್ಲಿ ಹೇಳ್ಬಿಟ್ಯಲ್ಲ, ಯಾರನ್ನ ಕೇಳಿ ಹೇಳ್ದೆ? ನಾನೂ ಹಿಂಗೇ ಹೇಳಿದ್ದೆ ಒಂದ್ಸಲ. ಕೂತ್ಕೋ ಇಲ್ಲಿ, ನೀನೂ ಕೂತ್ಕೋ ಮಾರಾಯ. ನಾನು ಕುಪ್ಪಗಡ್ಡೆಗೆ ಸೊಸೆಯಾಗಿ ಬಂದು ಮೂರು ತಿಂಗ್ಳು, ಅಲ್ಲಲ್ಲ, ನಾಲ್ಕು, ಯುಗಾದಿ ಕಳೆದಿತ್ತು. ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಬಂತಲ್ಲ, ಅದರ ಮರುವರ್ಷ. ಅಕ್ಕಿಗೆ ಬಹಳ ತ್ರಾಸು ಆಗ, ಒಂದು ಹಿಡಿ ಚೆಲ್ಲಿದ್ರೂ ನಮ್ಮತ್ತೆ ಬಗ್ಗಿ ಆರಿಸೋರು. ಅಂಥಾದ್ರಲ್ಲಿ ನಾದಿನಿ ಸರೋಜನ ಮದ್ವೆ, ಗಂಡು ಶಿಕಾರಿಪುರದವ್ನು. ಅಡಿಗೆಗೆ ಸೊರಬದಿಂದ ರಾಮಣ್ಣ ಅಂತ ಒಬ್ಬ. ಅವ್ನ ಕೈರುಚಿ ಏನ್ ಹೇಳ್ಲಿ, ಆದ್ರೆ ಹೇಳಿದ್ದಕ್ಕಿಂತ ಒಂದು ಸೌಟು ಜಾಸ್ತಿ ಮಾಡೋ ಜಾತಿಯೋನಲ್ಲ. ಮಾವ ಅಂದ್ರು, "ಸೊಸೆ ಲೋಯರ್ ಸೆಕೆಂಡರಿ ಪಾಸಾಗಿದಾಳೆ, ಲೆಕ್ಕ ಅವ್ಳೇ ಹಾಕ್ಲಿ." ಅಷ್ಟು ಸಾಕಾತು ನಂಗೆ, ಪೆನ್ಸಿಲ್ ಕಿವಿಗೆ ಸಿಕ್ಕಿಸ್ಕೊಂಡು ಓಡಾಡ್ದೆ. ಹೋಳಿಗೆ ಲೆಕ್ಕ ಮಾತ್ರ ಅತ್ತೆ ಬಿಟ್ಕೊಡ್ಲಿಲ್ಲ. ಅನ್ನ, ಸಾರು, ಪಲ್ಯ ನಂದು.

ನಾನೇನ್ ಮಾಡ್ದೆ ಗೊತ್ತಾ? ನಾನು ಎಷ್ಟು ಉಣ್ತೀನಿ ಅಂತ ಅಳೆದೆ. ಒಂದು ಹಿಡಿ ಅಕ್ಕಿ. ಗಂಡಸ್ರಿಗೆ ಎರಡು ಅಂತ ಬರೆದೆ. ನಾನಾಗ ಹೊಸ ಸೊಸೆ ಕಣೇ, ಎಲ್ಲರೆದುರು ಉಣ್ಣಕ್ಕೆ ನಾಚ್ಕೆ ಆಗಿ ಅರ್ಧ ಹೊಟ್ಟೇಲಿ ಏಳ್ತಿದ್ದೆ! ಆ ಅರ್ಧ ಹೊಟ್ಟೆ ಲೆಕ್ಕದಲ್ಲಿ ಇಡೀ ಮದ್ವೆಗೆ ಅಕ್ಕಿ. ಅದೂ ಸಾಲ್ದು ಅಂತ, ಕಾಯಿಲೆ ಹೆದರಿಕೆಗೆ ಶಿಕಾರಿಪುರದವ್ರು ಈ ಕಡೆ ಅರ್ಧ ಜನ ಬರಲ್ಲ ಅಂತ ಇನ್ನೂ ಸ್ವಲ್ಪ ಕಡಿಮೆ ಮಾಡ್ದೆ. ರಾಮಣ್ಣ ಚೀಟಿ ಹಿಂದೆ ಮುಂದೆ ತಿರುಗಿಸಿ ನೋಡ್ದ. "ಅಮ್ಮಾ, ಇದು ಗಂಡಿನ ಕಡೆಯವ್ರಿಗಾ, ಗುಬ್ಬಚ್ಚಿಗಾ?" "ಹೇಳಿದಷ್ಟು ಮಾಡಿ," ಅಂದೆ. ಏನ್ ಸೊಕ್ಕು ನಂದು!

ಮದ್ವೆ ದಿನ ಲಾರಿ ತುಂಬ ಬಂದ್ರಪ್ಪ. ಒಬ್ರೂ ಹೆದರಿರ್ಲಿಲ್ಲ. ಮೊದ್ಲನೇ ಪಂಕ್ತೀಲಿ ಗಂಡಿನ ಸೋದರಮಾವ, ಗರಡಿ ಆಳು, ಈ ಬಾಗಿಲಷ್ಟು ಎದೆ. "ಅನ್ನ ನೀಡ್ರಿ... ಇನ್ನೊಂದೀಟು ನೀಡ್ರಿ... ಯಾಕ್ರಿ ತಂಗಿ, ಕೈ ಬಿಗಿ ಹಿಡೀತೀರಿ?" ಹಿಡೀದೇ ಏನ್ ಮಾಡ್ಲಿ, ಬುಟ್ಟಿ ತಳ ಕಾಣ್ತಿತ್ತು. ಎರಡನೇ ಪಂಕ್ತಿಗೆ ಬೀಗರು ಎಲೆ ಮುಂದೆ ಕೂತು ನೀರು ಚಿಮುಕಿಸಿ ಕಾಯ್ತಿದಾರೆ, ಅಷ್ಟೊತ್ತಿಗೆ ರಾಮಣ್ಣ ಕಿವೀಲಿ, "ಮುಗೀತಮ್ಮ. ಈಗ ಒಲೆಗೆ ಇಟ್ರೆ ಬೇಯೋದ್ರೊಳಗೆ ಇವ್ರೆಲ್ಲ ಎದ್ದು ಹೋಗ್ತಾರೆ," ಅಂದ. ಬೀಗರು ಉಣ್ಣದೆ ಎದ್ದು ಹೋದ್ರೆ ಸರೋಜನ ಗತಿ ಏನು? ನನ್ನ ಗತಿ ಏನು? ಹಿತ್ಲಿಗೆ ಓಡ್ದೆ. ಯಾರ ಮನೇಲಿ ಕೇಳೋಣ, ಇಡೀ ಊರೇ ನಮ್ಮನೇಲಿ ಊಟಕ್ಕೆ ಬಂದಿದೆ, ಒಂದು ಮನೇಲೂ ಒಲೆ ಹಚ್ಚಿಲ್ಲ!

ಒಂದೇ ಮನೇಲಿ ಹೊಗೆ ಬರ್ತಿತ್ತು. ಪಕ್ಕದ್ಮನೆ ಪುಟ್ಟಕ್ಕಂದು. ನಮ್ಮತ್ತೆಗೂ ಅವ್ಳಿಗೂ ಒಂದು ಕೋಳಿ ವಿಷ್ಯಕ್ಕೆ ಎರಡು ವರ್ಷದಿಂದ ಮಾತಿಲ್ಲ, ಮದ್ವೆಗೂ ಕರ್ದಿರ್ಲಿಲ್ಲ. ಅದಕ್ಕೇ ಅಡಿಗೆ ಮಾಡಿದಾಳೆ, ಮಳೆಗೆ ಮುಂಚೆ ಮಾಡಿನ ಹೆಂಚು ತೆಗ್ದು ಜೋಡ್ಸಕ್ಕೆ ಬಂದ ಹನ್ನೆರಡು ಆಳುಗಳಿಗೆ, ಎರಡು ಹೊತ್ತಿಗೂ ಸೇರಿಸಿ. ಹಂಡೆ ತುಂಬ ಕೆಂಪಕ್ಕಿ ಅನ್ನ, ಹುರುಳಿ ಸಾರು. ಪಾತ್ರೆ ಮುಂದೆ ಚಾಚಿ ನಿಂತೆ, ಅಳು ಬಂತು. ಪುಟ್ಟಕ್ಕ ಸೊಂಟಕ್ಕೆ ಕೈ ಕೊಟ್ಟು, "ಕಳ್ಸಿದ್ದು ನಿಮ್ಮತ್ತೆಯಾ?" "ಇಲ್ಲ ಪುಟ್ಟಕ್ಕ, ಅವ್ರಿಗೆ ಗೊತ್ತಿಲ್ಲ. ಲೆಕ್ಕ ತಪ್ಪು ಹಾಕಿದ್ದು ನಾನು." ಪುಟ್ಟಕ್ಕ ಒಲೆಯ ಕೊಳ್ಳಿ ಹಿಂದಕ್ಕೆಳೆದ್ಲು. "ಹೆಣ್ಣಿನ ಮದ್ವೆ ಅದು. ಹಿಡಿ ಆ ಕಡೆ," ಅಂತ ಹಂಡೆ ಎತ್ತಿದ್ಲು ನೋಡು!

ಸೆರಗು ಸಿಕ್ಕಿಸಿ ಅವ್ಳೇ ನೀಡಿದ್ಲು. ನಮ್ಮತ್ತೆ ನೋಡಿ ಅಲ್ಲೇ ಕಂಬ ಹಿಡ್ಕೊಂಡ್ರು. ಅಷ್ಟ್ರಲ್ಲಿ ಕೈ ತೊಳ್ದು ನಿಂತಿದ್ದ ಗರಡಿ ಮಾವಂಗೆ ಹುರುಳಿ ವಾಸನೆ ಬಡೀತು. "ಏನ್ರಿ ಬೀಗರ, ಇದೇನ್ ನ್ಯಾಯಾರಿ? ನಮಗ ತಿಳಿಸಾರು, ಇವ್ರಿಗೆ ಹುರುಳಿ ಸಾರಾ?" ಅಂತ ಸಿಟ್ಟು ಮಾಡ್ಕೊಂಡು ಇನ್ನೊಂದು ಎಲೆ ಹಾಕಿಸ್ಕೊಂಡು ಕೂತ! ನಗೋದೋ ಅಳೋದೋ. ಹುರುಳಿ ಸಾರಿನ ಗಲಾಟೇಲಿ ಹೋಳಿಗೆ ಯಾರೂ ಎರಡನೇದು ಕೇಳ್ಲಿಲ್ಲ, ಬುಟ್ಟಿಗಟ್ಲೆ ಉಳೀತು. ಪುಟ್ಟಕ್ಕನ ಆಳುಗಳು ಮಾಡಿಂದ ಇಳಿದು ಬಂದ್ರೆ ಊಟ ಇಲ್ಲ. ಅವ್ರನ್ನ ಚಪ್ಪರಕ್ಕೇ ಕರ್ಕೊಂಡು ಬಂದು ಕೂರ್ಸಿ ಹೋಳಿಗೆ, ತುಪ್ಪ, ಬಾಳೆಹಣ್ಣು ಹಾಕಿದ್ವಿ. ಆಳುಗಳಿಗೆ ಬೀಗರ ಹೋಳಿಗೆ, ಬೀಗರಿಗೆ ಆಳುಗಳ ಸಾರು.

ಕೊನೇಗೆ ಅತ್ತೆ ಕುಂಕುಮದ ಬಟ್ಲು ತಂದು ಪುಟ್ಟಕ್ಕನ ಮುಂದೆ ನಿಂತ್ರು. "ಮೊದ್ಲೇ ಬರಕ್ಕಾಗಲ್ವಾ ನಿಂಗೆ?" "ಕರೆದ್ರೆ ತಾನೇ ಬರೋದು?" ಕುಂಕುಮ ಹಚ್ಚಿ ಆದ್ಮೇಲೆ ಇಬ್ರೂ ಒಂದೇ ಎಲೇಲಿ ಹೋಳಿಗೆ ತಿಂದ್ರು. ಅದಕ್ಕೇ ಹೇಳ್ತೀನಿ, ಪಕ್ಕದ್ಮನೆಯವ್ರನ್ನ ಕರೆಯೋದು ಮರೀಬೇಡಿ.

ಏನಂದೆ? ಕರೆದಿದ್ರೆ ಅವ್ಳೂ ಒಲೆ ಹಚ್ತಿರ್ಲಿಲ್ಲ ಅಂತಾನಾ? ಹೌದಲ್ಲ... ಸಾಕು ಸುಮ್ನಿರು, ದೊಡ್ಡ ಬುದ್ಧಿವಂತ. ಕಡಿಮೆ ಬಿದ್ದಾಗ ಒಳಗೆ ಕೂತು ಅಳಬಾರ್ದು, ಪಾತ್ರೆ ತಗೊಂಡು ಹೋಗಿ ಕೇಳ್ಬೇಕು. ಅಷ್ಟೇಯ.