ಬಣ್ಣ ಹಿಡಿಯದ ಜಾಗ

ಕಗ್ಗದಾಸಪುರದ ಬಸ್‌ಸ್ಟಾಪಿನಲ್ಲಿ ಪಕ್ಕದಲ್ಲಿ ನಿಂತಿದ್ದ ಹೆಂಗಸು ತನ್ನ ಕಂಟ್ರಾಕ್ಟರನೊಡನೆ ಮನೆಯಂಗಳದ ಕಾಂಕ್ರೀಟಿಗೆ ಬಣ್ಣ ಕುಡಿಸುವ ಮಾತೆತ್ತಿದ್ದೇ ತಡ, ಕೆಲಸಕ್ಕೆ ಹೊರಟಿದ್ದ ಹಂಸಳ ಕಿವಿ ನೆಟ್ಟಗಾಯಿತು.

“ಕಾಫಿ ಬಣ್ಣಾನೇ ಇರ್ಲಿ, ಪ್ರೇಮ್‌ಕುಮಾರ್.”

“ಆಗ್ಲಿ ಅಕ್ಕ. ಆದ್ರೆ ಬಾಗಿಲ ಪಕ್ಕ ಒಂದು ಕಡೆ ಹಿಡಿಯಲ್ಲ. ನೀರು ಹಾಕಿ ನೋಡ್ದೆ. ಬೇರೆ ಕಡೆಯೆಲ್ಲ ನೆಲ ಕುಡೀತು, ಅಲ್ಲಿ ಮಾತ್ರ ಹಾಗೇ ನಿಂತ್ಕೊಳ್ತು. ಎಣ್ಣೆ ಏನಾದ್ರೂ ಬಿದ್ದಿತ್ತಾ?”

“ಹರಳೆಣ್ಣೆ. ನಮ್ಮತ್ತೆ ಅಲ್ಲೇ ಕಾಲು ಚಾಚ್ಕೊಂಡು ಕೂತು, ಬೀದಿ ಕೂಸುಗಳಿಗೆಲ್ಲ ಎಣ್ಣೆ ತಿಕ್ಕೋರು.”

“ಹಂಗಾದ್ರೆ ಮೆಷಿನ್ ಹಾಕಿ ಉಜ್ಜಿಬಿಡ್ತೀನಿ. ಎಲ್ಲಾ ಒಂದೇ ಬಣ್ಣ ಬರತ್ತೆ.”

“ಉಜ್ಜದಿದ್ರೆ?”

“ಅಷ್ಟು ಜಾಗ ಬಿಳಿಚ್ಕೊಂಡು ಕಾಣತ್ತೆ. ಬಂದೋರೆಲ್ಲ ಏನಿದು ಅಂತ ಕೇಳ್ತಾರೆ.”

ಹೆಂಗಸು ಬಸ್ಸು ಬರುವ ದಾರಿಯತ್ತ ತಿರುಗಿದಳು. ಉಜ್ಜಿಸುತ್ತೀರೋ ಇಲ್ಲವೋ ಎಂದು ಹಂಸಳಿಗೆ ತಾನೇ ಕೇಳಿಬಿಡಬೇಕೆನಿಸಿತು. ಅಷ್ಟರಲ್ಲಿ ಅವರ ಬಸ್ಸು ಬಂತು.

“ಬದುಕಿದ್ದಾಗ, ‘ದಾರಿ ಬಿಡಿ, ಏಳಿ ಅತ್ತೆ’ ಅಂತ ದಿನಾ ಜಗಳ ಆಡ್ತಿದ್ದೆ. ಒಂದಿನಾನೂ ಏಳ್ಲಿಲ್ಲ,” ಎನ್ನುತ್ತ ಆಕೆ ಮೆಟ್ಟಿಲು ಹತ್ತಿದಳು. “ಈಗ ನೀನ್ಯಾಕಪ್ಪ ಎಬ್ಬಿಸೋಕೆ ಹೋಗ್ತೀಯ?”