ಅಕ್ಕನಿಗೆ ಮೊದಲು ಕಂಡದ್ದು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಉಗುರಿನ ಸಂದಿಯ ಮಸಿ ಹೋಗುವವರೆಗೂ ಕಾಯದೆ ಪ್ರೆಸ್ಸಿನಿಂದ ನೇರವಾಗಿ ಬಂದಿರುವ ಸಭಿಕರೇ,

ಈ ವರ್ಷದ ಅತ್ಯುತ್ತಮ ಮುಖಪುಟವೆಂದು ನಮ್ಮ ಸ್ಟುಡಿಯೋಗೆ ಬಹುಮಾನ ಕೊಟ್ಟಿದ್ದೀರಿ. ಸ್ಟುಡಿಯೋ ಎಂದರೆ ಒಂದು ಕೋಣೆ, ನಾನು ಮತ್ತು ನನ್ನಕ್ಕ. ಅವಳು ಚಿತ್ರ ಬರೆಯುತ್ತಾಳೆ, ನಾನು ಅಕ್ಷರ ಜೋಡಿಸುತ್ತೇನೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು ನಾನು. ನಮ್ಮ ಅಕ್ಷರಗಳನ್ನು ಓದುವ ಮೊದಲು ಬರೀ ನೋಡುತ್ತ ಕುಳಿತವಳು. ಇಂದಿಗೂ ‘ಳ’ ಎದುರಾದರೆ ಅದರ ಸುರುಳಿಯೊಳಗೆ ಒಂದು ಸುತ್ತು ಹೋಗಿಬರುತ್ತೇನೆ.

ದೊಡ್ಡ ಕಂಪನಿಯೊಂದು ನಮ್ಮಿಬ್ಬರನ್ನೂ ಕೆಲಸಕ್ಕೆ ಕರೆದಿದೆ. ಹೋದರೆ ಸ್ಟುಡಿಯೋ ಮುಚ್ಚಬೇಕು. ನಾಳೆ ಉತ್ತರ ಕೊಡಬೇಕು. “ವೇದಿಕೆ ಮೇಲೆ ನೀನೇ ಹೇಳಿಬಿಡು. ನೀನು ಹೇಳಿದ್ದೇ ನನ್ನದೂ” ಅಂದಿದ್ದಾಳೆ ಅಕ್ಕ. ಅಗೋ, ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ.

ನಮ್ಮದೊಂದು ಪದ್ಧತಿ. ಮುಖಪುಟದ ಚಿತ್ರವನ್ನೋ ಪ್ರೂಫ್ ಹಾಳೆಯನ್ನೋ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟು, ಅದರ ಕೆಳಗೇ ಮಧ್ಯಾಹ್ನ ಮಲಗುತ್ತೇವೆ. ಫ್ಯಾನಿನ ಗಾಳಿಗೆ ಬಣ್ಣಗಳು ಗೋಡೆಯ ಮೇಲೆ ಈಜುತ್ತವೆ. ಎದ್ದ ಕೂಡಲೇ ಮೊದಲು ಏನು ಕಂಡಿತೋ ಅದನ್ನು ಹೇಳಬೇಕು. ಇಬ್ಬರಿಗೂ ಒಂದೇ ಕಂಡರೆ ಹಾಳೆ ಪ್ರೆಸ್ಸಿಗೆ; ಇಲ್ಲವಾದರೆ ಮತ್ತೆ ಕೆಲಸ. ಕಂಪನಿಯ ಮ್ಯಾನೇಜರು ಬಂದಾಗಲೂ ಮಲಗಿದ್ದೆವು. “ನಮ್ಮಲ್ಲಿ ಎಲ್ಲ ಸೌಕರ್ಯ ಇದೆ ಮೇಡಂ, ಚಾಪೆ ಒಂದಿಲ್ಲ” ಅಂದರು ಪಾಪ.

ಬಹುಮಾನದ ಪುಸ್ತಕ ನಿವೃತ್ತ ನರ್ಸಮ್ಮ ಒಬ್ಬರ ಜೀವನಕಥೆ. ತಾವು ಹುಟ್ಟಿದ ಮನೆಯ ಚಿತ್ರ ಬೇಕು ಅಂದಿದ್ದರು. ಅಕ್ಕ ಬರೆದಳು. ಚಿತ್ರವನ್ನು ನೋಡುವ ಮೊದಲೇ ನಿದ್ದೆಗಣ್ಣಲ್ಲಿ ನಾನು ತಲೆಕೆಳಗಾಗಿ ತೂಗುಹಾಕಿದೆ. ಎದ್ದವಳೇ, “ದೋಣಿ! ಅಕ್ಕಾ, ಮನೆ ಬಿಟ್ಟು ದೋಣಿ ಬರೆದಿದೀಯಾ? ಎಷ್ಟು ಚೆನ್ನಾಗಿದೆಯೇ!” ಅಂದೆ. ಅಕ್ಕ, “ಹೂಂ, ದೋಣಿ” ಅಂದಳು. ಅದರ ಮೇಲೆ ಅಕ್ಷರ ಜೋಡಿಸಿದೆ, ಅಚ್ಚಾಯಿತು.

ನರ್ಸಮ್ಮ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ನಮ್ಮನೆ ಮಗುಚಿಕೊಂಡಿದೆಯಲ್ರಮ್ಮ! ಇರಲಿ ಬಿಡಿ, ಒಳಗಿದ್ದಾಗಲೂ ನನಗೆ ಹೀಗೇ ಅನ್ನಿಸ್ತಿತ್ತು” ಅಂತ ನಕ್ಕರು. ನಾನು ತಲೆಕೆಳಗಾಗಿ ತೂಗುಹಾಕಿದ್ದು ಆಗಲೇ ನನಗೆ ಗೊತ್ತಾದದ್ದು; ನಾವೂ ನಕ್ಕೆವು. ಮನೆ ಬರೆದವಳಿಗೂ ದೋಣಿಯೇ ಕಂಡಿತಲ್ಲ, ಇಬ್ಬರೂ ಒಂದೇ ಕನಸಿಗೆ ಬಿದ್ದಿದ್ದೆವಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ.

ಇವತ್ತು ಇಲ್ಲಿಗೆ ಬರುವಾಗ ಕಾರಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: “ನನಗೆ ಮನೆಯೇ ಕಂಡಿದ್ದು ಕಣೇ. ನೀನು ಅಷ್ಟು ಖುಷಿಯಾಗಿ ದೋಣಿ ಅಂದೆಯಲ್ಲ, ಇಲ್ಲ ಅನ್ನೋಕೆ ಬಾಯೇ ಬರಲಿಲ್ಲ.”

ಯಾವಾಗಲೂ ಮೊದಲು ಏಳುವವಳು ನಾನು. ಮೊದಲು ಹೇಳುವವಳೂ ನಾನೇ. ಹಾಗಾದರೆ ಇಷ್ಟು ವರ್ಷ ಅವಳಿಗೆ ಏನೇನು ಕಂಡಿತ್ತು? ಸ್ಟುಡಿಯೋ ಬೇಕೆಂದದ್ದು ಅವಳೋ, ನಾನೋ? ಈ ಮಾತನ್ನು ಇಲ್ಲಿ ಆಡಬೇಕೆಂದು ಬಂದಿರಲಿಲ್ಲ, ಕ್ಷಮಿಸಿ. ಕಂಪನಿಗೆ ಬರುವುದಿಲ್ಲವೆಂದು ಹೇಳಲು ಒಳ್ಳೆಯ ವಾಕ್ಯಗಳನ್ನೇ ಸಿದ್ಧಮಾಡಿಕೊಂಡಿದ್ದೆ. ಈಗ ಅವನ್ನು ಓದುವುದಿಲ್ಲ.

ಅಕ್ಕಾ, ಇವತ್ತು ನೀನು ಮೊದಲು ಹೇಳು. ಹೋಗೋಣ ಅಂದರೂ ಸರಿ. ನನ್ನ ಮುಖ ನೋಡಬೇಡ.

ಎದ್ದು ನಿಂತಿದ್ದಾಳೆ. ಯಾರಾದರೂ ಈ ಮೈಕನ್ನು ಮೂರನೇ ಸಾಲಿಗೆ ದಾಟಿಸಿ, ದಯವಿಟ್ಟು. ಇಷ್ಟು ಹೊತ್ತು ನನ್ನನ್ನು ಕೇಳಿಸಿಕೊಂಡ ನಿಮಗೆ ಕೃತಜ್ಞತೆ. ಇನ್ನು ಅವಳನ್ನು ಕೇಳೋಣ. ನಮಸ್ಕಾರ.